ಸಂಬಳ ಆಮೇಲೆ ಕೇಳಿ, ಮೊದ್ಲು ಆ ಅರ್ಧ ಗಂಟೆ ಬಿಡಿ

ಮೊನ್ನೆ ಕಣಕಟ್ಟೆಲಿ ನಾಮಕರಣ. ಊಟಕ್ಕೆ ಕೂತಿದ್ದೇ ತಡ, "ಮಗಳು ಸಾಫ್ಟ್‌ವೇರಿಗೆ ಸೇರಿ 2 ವರ್ಷ ಆಯ್ತಲ್ಲ, ಸಂಬಳ ಎಷ್ಟಾಯ್ತೇ?" ಅಂದ್ರು. ಏನು ಕಲಿತಳು ಅಂತ ಒಬ್ರೂ ಕೇಳ್ಲಿಲ್ಲ ಕಣ್ರಮ್ಮ.

ತೆಂಗಿನ ಸಸಿ ನೆಟ್ಟು 2 ವರ್ಷಕ್ಕೆ ಎಳನೀರು ಕೇಳ್ತೀವಾ? 6-7 ವರ್ಷ ನೀರು ಹಾಕ್ತೀವಿ. ಮಕ್ಕಳ ವಿಷಯದಲ್ಲಿ ಮಾತ್ರ ಯಾಕೆ ಅವಸರ?

ಅವಳು ಮನೇಲೇ ಕೂತು ಕೆಲಸ ಮಾಡೋದು ನೋಡಿದೀನಿ. ದೊಡ್ಡ ಕೆಲಸನ ಸಣ್ಣ ಸಣ್ಣದು ಮಾಡ್ಕೊಂಡು ಒಂದೊಂದನ್ನೂ ಓಡಿಸಿ ನೋಡ್ತಾಳೆ. ಅವತ್ತು ಆದ ತಪ್ಪು ಯಾಕಾಯ್ತು, ಹೆಂಗೆ ಸರಿಹೋಯ್ತು ಅಂತ ರಾತ್ರಿ ನೋಟ್‌ಬುಕ್ಕಲ್ಲಿ ಬರೀತಾಳೆ. ಬರೆದ ಕೋಡನ್ನ ಹಿರಿಯ ಇಂಜಿನಿಯರಮ್ಮ ಒಬ್ರು ಓದಿ ತಿದ್ದಿದ ಮೇಲೇ ಅದು ಒಳಕ್ಕೆ ಸೇರೋದು. ಕೋಡ್ ರಿವ್ಯೂ ಅಂತಾರೆ. ನಮ್ಮತ್ತೆ ನನ್ನ ಸಾರು ರುಚಿ ನೋಡಿ "ಹುಳಿ ಜಾಸ್ತಿ" ಅಂತಿದ್ರಲ್ಲ, ಹಂಗೆ. ಹಂಗೆ ಹೇಳಿಸ್ಕೊಂಡೇ ನಾನೂ ಕಲಿತದ್ದು.

ಇಷ್ಟಿಷ್ಟೇ ಬೆಳೆಯೋದು ಹೊಸದೇನಲ್ಲ. 1246ರ ನುಗ್ಗೇಹಳ್ಳಿ ಗುಡೀಲಿ ಹೆಸರಿರೋ ಶಿಲ್ಪಿ ಮಲ್ಲಿತಮ್ಮನ ಹೆಸರು ಆಮೇಲಿನ ಸೋಮನಾಥಪುರದಲ್ಲೂ ಇದೆ. ವರ್ಷಗಳು ಕಳೆದ್ರೂ ಉಳಿ ಕೆಳಗಿಟ್ಟಿರಲಿಲ್ಲ.

ತಪ್ಪು ನಂದೂ ಇದೆ. ಮಗ ಓದ್ತಿದ್ರೆ ಟಿವಿ ಆರಿಸ್ತಿದ್ದೆ. ಮಗಳು ನೋಟ್‌ಬುಕ್ ತೆಗೆದ್ರೆ "ಕಾಯಿ ತುರಿದುಕೊಡು ಬಾ" ಅಂತಿದ್ದೆ. ದಿನಾ ಅರ್ಧ ಗಂಟೆ ನಾನೇ ಕಿತ್ಕೊಂಡೆ. ಆಮೇಲೆ "ಯಾಕೆ ಮುಂದೆ ಬರ್ಲಿಲ್ಲ" ಅಂತ ಕೇಳೋದು ಯಾವ ನ್ಯಾಯ?

ಈಗ ಕಾಯಿ ನಾನೇ ತುರೀತೀನಿ. ಅಕ್ಕಂದಿರೇ, ನೀವೂ ಅಷ್ಟು ಮಾಡಿ. ಹೆಣ್ಮಕ್ಕಳು ಸಿಕ್ಕಾಗ "ಇವತ್ತು ಏನು ಕಲಿತೆ, ಯಾರು ಹೇಳಿಕೊಟ್ರು?" ಅಂತ ಕೇಳಿ. ಸಂಬಳ ತಾನಾಗೇ ಬರುತ್ತೆ.