ದೂರು ಕೊಡುವುದು ದ್ರೋಹವಲ್ಲ

ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಕಾಯಕ ನಡೆಯುವ ಸ್ಥಳದಲ್ಲೇ ಮೇಲು ಕೀಳು ಕಂಡುಬಂದಾಗ ನಮ್ಮಲ್ಲಿ ಬಹುಮಂದಿ ಮೌನಕ್ಕೆ ಶರಣಾಗುತ್ತಾರೆ.

ಕಳಲೆ ಒಂದು ಕಾಲಕ್ಕೆ ಮೈಸೂರು ಅರಸರ ದಳವಾಯಿಗಳ ಊರು. ಇಂದು ಆ ಸೀಮೆಯ ಎಷ್ಟೋ ಮಕ್ಕಳು ಬೆಳಗಾದರೆ ಬುತ್ತಿ ಕಟ್ಟಿಕೊಂಡು ನಂಜನಗೂಡಿನ ಕಡೆಗೆ, ಮೈಸೂರಿನ ಕಡೆಗೆ ದುಡಿಮೆಗಾಗಿ ಹೊರಡುತ್ತಾರೆ. ಅಲ್ಲಿಯ ಸದ್ಭಕ್ತರೊಬ್ಬರು ಇತ್ತೀಚೆಗೆ ತಮ್ಮ ಮಗಳ ವಿಷಯವನ್ನು ನಮ್ಮಲ್ಲಿ ನಿವೇದಿಸಿಕೊಂಡರು. ಅವಳಿಗೂ ಪಕ್ಕದಲ್ಲಿ ನಿಂತು ದುಡಿಯುವ ಹುಡುಗನಿಗೂ ಅದೇ ಯಂತ್ರ, ಅದೇ ಪಾಳಿ, ಅದೇ ಕೆಲಸ. ಸಂಬಳ ಮಾತ್ರ ಅವನಿಗೆ ಹೆಚ್ಚು. ಕೇಳಿದರೆ, ನಾಳೆ ಮದುವೆಯಾಗಿ ಹೋಗುವವಳಿಗೆ ಇಷ್ಟೇ ಸಾಕೆಂಬ ಉತ್ತರ. "ಸ್ವಾಮಿ, ಅನ್ನ ಕೊಟ್ಟವರ ಮೇಲೆ ದೂರು ಬರೆಯುವುದು ದ್ರೋಹವಾಗದೆ?" ಎಂಬುದು ಆ ತಂದೆಯ ಅಳಲು.

ದ್ರೋಹವಾಗದು ಎಂಬುದೇ ನಮ್ಮ ಉತ್ತರ. ದುಡಿಮೆಗೆ ಕೊಡುವ ಸಂಬಳ ದಾನವಲ್ಲ. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಮನೆಮನೆಗೂ ತಿಳಿದದ್ದು. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಕಳುಹಿಸಿದರು. ಸಲ್ಲಬೇಕಾದುದಕ್ಕಿಂತ ಹೆಚ್ಚು ಪಡೆಯುವುದು ತಪ್ಪಾದರೆ, ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಡುವುದೂ ತಪ್ಪೇ.

ಈ ಮಾತಿಗೆ ನಮ್ಮ ನಾಡಿನದೇ ನಿದರ್ಶನವೊಂದಿದೆ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. 1949ರಲ್ಲಿ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಅವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮುಂದೆ 1961ರ ಸೇವಾ ನಿಯಮಗಳಲ್ಲೂ ಇದೇ ಧೋರಣೆ ಮುಂದುವರಿಯಿತು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು; ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ಅವಳು ರಾಜೀನಾಮೆ ಕೊಡಬೇಕು. ಪುರುಷ ಅಧಿಕಾರಿಗೆ ಇಂಥ ಕಟ್ಟುಪಾಡು ಇರಲಿಲ್ಲ.

1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ಹೋದ ಮುತ್ತಮ್ಮನವರಿಗೆ ಆ ಬಳಿಕ ಮೇಲಿನ ಶ್ರೇಣಿಯ ಬಡ್ತಿ ತಪ್ಪಿತು. ಅವರು ಸುಮ್ಮನಿರಲಿಲ್ಲ. ಸಂವಿಧಾನದ ಸಮಾನತೆಯ ಹಕ್ಕನ್ನು ಮುಂದಿಟ್ಟು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಪ್ರಕರಣ ಇತ್ಯರ್ಥವಾಗುವ ಮೊದಲೇ ಸರ್ಕಾರ ಅವರಿಗೆ ಬಡ್ತಿ ನೀಡಿತು. ಆದಕಾರಣ 1979ರ ಸೆಪ್ಟೆಂಬರ್ 17ರಂದು ಅರ್ಜಿ ಔಪಚಾರಿಕವಾಗಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಂಸಾರದ ಹೊಣೆ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಅಡ್ಡಿಯಾಗಬಹುದಲ್ಲವೇ ಎಂಬುದು ಅವರ ತರ್ಕ. ಲಿಂಗಭೇದದ ಕಳಂಕ ಉಳಿಯದಂತೆ ಸೇವಾ ನಿಯಮಗಳನ್ನೆಲ್ಲ ಪರಿಷ್ಕರಿಸಬೇಕೆಂದು ಅವರು ಸರ್ಕಾರಕ್ಕೆ ಹೇಳಿದರು. ಮದುವೆಯ ಅನುಮತಿ ಕೇಳುತ್ತಿದ್ದ ನಿಯಮವನ್ನು ತೆಗೆದುಹಾಕುತ್ತಿರುವುದಾಗಿ ಸರ್ಕಾರವೇ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿತ್ತು. ಹೀಗೆ ಅರ್ಜಿ ವಜಾ ಆಯಿತು, ಕಾರ್ಯ ಸಿದ್ಧಿಸಿತು. ಮುತ್ತಮ್ಮನವರು 1982ರವರೆಗೆ ಅದೇ ಸೇವೆಯಲ್ಲಿ ಗೌರವದಿಂದ ದುಡಿದು ನಿವೃತ್ತರಾದರು. ದೂರು ಕೊಟ್ಟವರು ಸಂಸ್ಥೆಗೆ ಶತ್ರುವಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅವರದು ಸರ್ಕಾರಿ ಸೇವೆ. ಖಾಸಗಿ ಕಾರ್ಖಾನೆಯ ಹುಡುಗಿಗೆ ಏನು ಆಧಾರವೆಂದು ಕೇಳಬಹುದು. ಅದಕ್ಕೂ ಶಾಸನವಿದೆ. 1976ರ ಸಮಾನ ವೇತನ ಕಾಯ್ದೆಯ ಸ್ಥಾನದಲ್ಲಿ ಈಗ 2019ರ ವೇತನ ಸಂಹಿತೆ ಇದ್ದು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಕಾರಣದಿಂದ ವೇತನದಲ್ಲಿ ಭೇದ ಮಾಡಕೂಡದೆಂದು ಅದರ 3ನೆಯ ಕಲಂ ಹೇಳುತ್ತದೆ. ಸಮ ಮಾಡುವ ನೆಪದಲ್ಲಿ ಹೆಚ್ಚು ಪಡೆಯುವವನ ಸಂಬಳವನ್ನು ಇಳಿಸುವಂತೆಯೂ ಇಲ್ಲ. ಆದ್ದರಿಂದ ಮಗಳ ಹಕ್ಕು ಜೊತೆಗಾರನ ಅನ್ನಕ್ಕೆ ಕಲ್ಲಾಗುವುದಿಲ್ಲ.

ಇನ್ನು ಕ್ರಮದ ಮಾತು. ಮೊದಲು ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಿಯ ವಿವರಗಳನ್ನು ಜೋಪಾನ ಮಾಡಬೇಕು. ಯಾವ ದಿನ, ಯಾರು, ಏನು ಹೇಳಿದರೆಂಬುದನ್ನು ಅಂದಂದೇ ಬರೆದಿಡಬೇಕು. ಬಳಿಕ ಆಡಳಿತದವರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಬೇಕು. ಸಲ್ಲಬೇಕಾದ ವೇತನವನ್ನು ಕೇಳಿ ಅರ್ಜಿ ಹಾಕಲು 3 ವರ್ಷಗಳ ಅವಧಿಯುಂಟು.

ಲೈಂಗಿಕ ಕಿರುಕುಳದ ಮಾತಾದರೆ ದಾರಿಯೂ ಬೇರೆ, ಅವಧಿಯೂ ಬಹಳ ಕಡಿಮೆ. 2013ರ ಕಾಯ್ದೆಯಂತೆ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸ್ಥಳವಾದರೆ, ಅಥವಾ ಮಾಲೀಕನೇ ಆರೋಪಿಯಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲುತ್ತದೆ.

ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮೇರೆಗೆ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು.

ಇಷ್ಟೆಲ್ಲ ದಾರಿಗಳಿದ್ದರೂ ಎಷ್ಟೋ ದೂರುಗಳು ಮನೆಯ ಹೊಸ್ತಿಲು ದಾಟುವುದಿಲ್ಲ. ನಾಲ್ಕು ಜನ ಏನೆಂದಾರು, ಗಂಡು ಸಿಕ್ಕೀತೇ ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದುದರಿಂದಲೇ ಒಬ್ಬಳನ್ನೇ ಮುಂದೆ ಬಿಡದೆ, ಅದೇ ಅನ್ಯಾಯಕ್ಕೆ ಒಳಗಾದವರೆಲ್ಲ ಕೂಡಿ ಸಹಿ ಮಾಡುವುದು ಲೇಸು. ಸುಳ್ಳನ್ನು ಬೆರೆಸಬಾರದು, ನಿಜವನ್ನು ಮರೆಮಾಚಲೂ ಬಾರದು.

ತಂದೆತಾಯಿಗಳು ಮಗಳಿಗೆ ತಾಳ್ಮೆಯನ್ನು ಕಲಿಸುವುದು ಸರಿಯೇ. ಆದರೆ ಅನ್ಯಾಯವನ್ನು ನುಂಗುವುದಕ್ಕೆ ತಾಳ್ಮೆಯೆಂಬ ಹೆಸರು ಸಲ್ಲದು. ಅವಳು ಕಾಗದ ಬರೆಯಲು ಕುಳಿತಾಗ ದೀಪವನ್ನು ಆರಿಸದೆ, ಪಕ್ಕದಲ್ಲಿ ಕುಳಿತು ತಾರೀಖುಗಳನ್ನು ನೆನಪಿಸಿಕೊಡುವುದೇ ಹೆತ್ತವರ ಧರ್ಮ.