ನೆನಪಿನ ಪೆಟ್ಟಿಗೆಯ ವ್ಯಾಪಾರ

ಕಳೆದ ತಿಂಗಳು ನನ್ನ ಕಂಪ್ಯೂಟರಿನ ಹೊಟ್ಟೆಯೊಳಗಿನಿಂದ ‘ಕಟಕಟ’ ಎಂಬ ಸದ್ದು ಹೊರಡಲಾರಂಭಿಸಿತು. ಇಲಿಯೆಂದು ಭಾವಿಸಿ ಮೇಜಿನ ಕೆಳಗೆ ಬೋನನ್ನಿಟ್ಟೆವು. ಇಲಿಯೂ ಬೀಳಲಿಲ್ಲ, ಸದ್ದೂ ನಿಲ್ಲಲಿಲ್ಲ. ಮೂರನೆಯ ದಿನ ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಿವಿಗೊಟ್ಟು ಕೇಳಿ, “ಸಾರ್, ಇದು ಹಾರ್ಡ್ ಡಿಸ್ಕಿನ ಕೊನೆಗಾಲದ ಸದ್ದು. ಒಳಗಿರುವುದನ್ನು ಬೇಗ ಬೇರೆ ಕಡೆಗೆ ಸಾಗಿಸಿಬಿಡಿ” ಎಂದನು.

ಒಳಗಿದ್ದುದು ಸಾಮಾನ್ಯದ್ದಾಗಿರಲಿಲ್ಲ. ಹಳ್ಳಿಗಳನ್ನು ಸುತ್ತಿ ನಾನು ಧ್ವನಿಮುದ್ರಿಸಿಕೊಂಡಿದ್ದ ಜನಪದ ಗೀತೆಗಳು, ಮಕ್ಕಳ ಚಿತ್ರಗಳು, ಎಲ್ಲಕ್ಕಿಂತ ಮಿಗಿಲಾಗಿ ನನ್ನ ತಾಯಿ ಅಡುಗೆಮನೆಯಲ್ಲಿ ಕುಳಿತು ಹಾಡಿದ ಹಸೆಯ ಹಾಡುಗಳು, ಆರತಿಯ ಹಾಡುಗಳು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಬೇರೆ ಪ್ರತಿಯನ್ನಿಟ್ಟುಕೊಂಡಿರಲಿಲ್ಲವೇ ಎಂದು ವಾಚಕರು ಕೇಳಬಾರದು. ಪ್ರಬಂಧಕ್ಕೆ ಎರಡು ಪ್ರತಿ ಇಟ್ಟುಕೊಳ್ಳಿರೆಂದು ವರ್ಷವೆಲ್ಲ ವಿದ್ಯಾರ್ಥಿಗಳಿಗೆ ಬೋಧಿಸುವವನು ನಾನೇ.

ಹೀಗಾಗಿ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಶಿಷ್ಯನನ್ನು ಮುಂದಿಟ್ಟುಕೊಂಡು ಹೊರಟೆನು. ಹೆಚ್ಚು ಹಿಡಿಸುವ, ಆದರೆ ಮೇಷ್ಟರ ಸಂಬಳಕ್ಕೆ ಎಟುಕುವ ಎಸ್.ಎಸ್.ಡಿ.ಯೊಂದು ಬೇಕಾಗಿತ್ತು. “2023ರಲ್ಲಿ ಬಂದಿದ್ದರೆ ಅಗ್ಗವಾಗಿ ಸಿಕ್ಕುತ್ತಿತ್ತು, ಸಾರ್. 2025ರ ಕೊನೆಯಲ್ಲಿ ಬೆಲೆ ಮತ್ತೆ ಏರಿಬಿಟ್ಟಿತು” ಎಂದು ಶಿಷ್ಯನು ದಾರಿಯಲ್ಲಿಯೇ ನನ್ನ ಉತ್ಸಾಹವನ್ನು ತಗ್ಗಿಸಿದನು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಯಂತ್ರಶಾಲೆಗಳು ಇದೇ ಸರಕನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿದುದು ಅದಕ್ಕೆ ಕಾರಣವಂತೆ.

ಅಂಗಡಿಯವರು ಮೊದಲು ತೋರಿಸಿದ್ದು ಎನ್.ವಿ.ಎಂ.ಇ. ಎಂಬ ಜಾತಿ, ಬಾಯಿಗೆ ಹಾಕಿಕೊಳ್ಳುವ ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಗಾತ್ರ. ಕ್ಷಣಕ್ಕೆ ಸಾವಿರಾರು ಎಂ.ಬಿ. ಓದಬಲ್ಲುದು. ಆದರೆ 2014ರಲ್ಲಿ ಕೊಂಡ ನನ್ನ ಯಂತ್ರದಲ್ಲಿ ಅದನ್ನು ಸಿಕ್ಕಿಸುವ ಗೂಡೇ ಇಲ್ಲ. ಇರುವುದು ಹಳೆಯ ಸಾಟಾ ತಂತಿ. ಸೆಕೆಂಡಿಗೆ ಸುಮಾರು 550 ಎಂ.ಬಿ.ಗಿಂತ ಹೆಚ್ಚು ಅದರಲ್ಲಿ ಹಾಯಲಾರದು. ಯಂತ್ರದಲ್ಲಿ ಯಾವ ಗೂಡಿದೆಯೆಂದು ನೋಡದೆ ಅಂಗಡಿಗೆ ಹೋಗುವುದು ಕಾಲಿನ ಅಳತೆ ತಿಳಿಯದೆ ಚಪ್ಪಲಿ ಕೊಳ್ಳಹೋದಂತೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತಿರುತ್ತವೆ. ಎಸ್.ಎಸ್.ಡಿ.ಯಲ್ಲಿ ತಿರುಗುವುದೇನೂ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೋಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಷ್ ಸ್ಮೃತಿಯ ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುತ್ತನ್ನು ಸೆರೆಹಿಡಿದಿಡುತ್ತಾರೆ. ತಂಬಿಗೆಯಲ್ಲಿ ನೀರಿದೆಯೋ ಇಲ್ಲವೋ ಎಂದು ಹೇಳುವುದು ಸುಲಭ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಕ್ರಮ ಅಂಥದು. ಮೂರು ಬಿಟ್ ಇಡುವ ಟಿ.ಎಲ್.ಸಿ.ಯಲ್ಲಿ ತಂಬಿಗೆಗೆ ಎಂಟು ಮಟ್ಟ. ನಾಲ್ಕು ಬಿಟ್ಟಿನ ಕ್ಯೂ.ಎಲ್.ಸಿ.ಯಲ್ಲಿ ಹದಿನಾರು ಮಟ್ಟ. ಅಷ್ಟೇ ತಂಬಿಗೆಗಳಲ್ಲಿ ಹೆಚ್ಚು ಹಿಡಿಯುವುದರಿಂದ ಬೆಲೆ ಇಳಿಯುತ್ತದೆ. ಆದರೆ ಬರೆಯುವುದು ನಿಧಾನ, ಸವೆತವೂ ಬೇಗ.

‘ಸವೆತ’ವೆಂದ ಕೂಡಲೆ ನಾನು ಕ್ಯೂ.ಎಲ್.ಸಿ.ಯನ್ನು ಕೆಳಗಿಟ್ಟೆನು. ಶಿಷ್ಯನು ಲೆಕ್ಕ ಹಾಕಿಸಿದನು. 2020ರಲ್ಲಿ ಬಂದ ಸ್ಯಾಮ್‌ಸಂಗ್ 870 ಕ್ಯೂ.ವಿ.ಓ. ಎಂಬುದರ 2 ಟಿ.ಬಿ. ಪೆಟ್ಟಿಗೆಯ ಮೇಲೆ 720 ಟಿ.ಬಿ. ಬರೆಯುವವರೆಗೆ ಇಲ್ಲವೇ ಮೂರು ವರ್ಷದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿಯುಂಟು. ದಿನಕ್ಕೆ 50 ಜಿ.ಬಿ. ಬರೆದರೂ 720 ಟಿ.ಬಿ. ಮುಗಿಯಲು ಮೂವತ್ತೊಂಬತ್ತು ವರ್ಷ ಬೇಕು. ನಾನಾದರೋ ಇಟ್ಟು ಕೇಳುವವನೇ ಹೊರತು ದಿನವೂ ಬರೆಯುವವನಲ್ಲ. ಮೊದಲ 78 ಜಿ.ಬಿ. ಒಂದೇ ಉಸಿರಿಗೆ ಬರೆದ ಮೇಲೆ ಅದರ ವೇಗ ಸೆಕೆಂಡಿಗೆ 160 ಎಂ.ಬಿ.ಗೆ ಇಳಿಯುವುದು ನಿಜ. ಆದರೆ ನನ್ನ ಮುದಿ ಡಿಸ್ಕು ಕೊಡುವ ವೇಗವೇ ಅದಕ್ಕಿಂತ ಕಡಿಮೆ! ವೀಡಿಯೋ ಕತ್ತರಿಸಿ ಜೋಡಿಸುವ ಕಸುಬಿನವರು ಮಾತ್ರ ಟಿ.ಎಲ್.ಸಿ.ಗೇ ಹಣ ಹಾಕತಕ್ಕದ್ದು.

ಅಗ್ಗವೆಂಬುದಕ್ಕೂ ಒಂದು ಎಲ್ಲೆಯಿರಬೇಕು. ನಮ್ಮ ಸಹೋದ್ಯೋಗಿಯೊಬ್ಬರು ಎರಡು ಸಾವಿರ ರೂಪಾಯಿಗೆ ‘16 ಟಿ.ಬಿ.’ಯದನ್ನು ಮನೆಗೇ ತರಿಸಿಕೊಂಡು ಬೀಗಿದ್ದರು. ಬಿಚ್ಚಿ ನೋಡಿದರೆ ಒಳಗೆ ಗೋಂದಿನಿಂದ ಅಂಟಿಸಿದ ಸಣ್ಣದೊಂದು ಮೆಮೊರಿ ಕಾರ್ಡು! ತುಂಬಿದ ಮೇಲೂ ಅದು ಬರೆದಂತೆ ನಟಿಸುತ್ತದೆ. ಓದಹೋದಾಗ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಪುಕ್ಕಟೆ ತಂತ್ರಾಂಶಗಳಿಂದ ಪೂರ್ತಿ ಬರೆದು ಓದಿಸಿದರೆ ಈ ಮೋಸ ಬಯಲಾಗುತ್ತದೆ.

ಮನೆಗೆ ತಂದದ್ದು 2 ಟಿ.ಬಿ.ಯ ಕ್ಯೂ.ಎಲ್.ಸಿ. ಯಂತ್ರಕ್ಕೆ ಸಿಕ್ಕಿಸಿದರೆ ಪರದೆಯ ಮೇಲೆ 1.81 ಎಂದು ತೋರಿಸಿತು. “ಏನೂಂದ್ರೆ, ಇದು ಹಾಲಿನವನ ಅಳತೆ” ಎಂದಳು ನನ್ನವಳು. ಕಂಪನಿಯವರು ಸಾವಿರದಿಂದ ಎಣಿಸುತ್ತಾರೆ, ಯಂತ್ರವು 1024ರಿಂದ ಎಣಿಸುತ್ತದೆಯೆಂದು ವಿವರಿಸಿದೆನು. ಅವಳು ನಂಬಿದಂತೆ ಕಾಣಲಿಲ್ಲ. “ಅತ್ತೆಯವರ ಹಾಡು ತುಂಬಿಸಿ ಬೀರುವಿನಲ್ಲಿ ಇಟ್ಟುಬಿಡೋಣ” ಎಂದಳು. ಅದೇ ಕೂಡದು! ಸೆರೆಸಿಕ್ಕ ವಿದ್ಯುತ್ತು ಮೆಲ್ಲಮೆಲ್ಲನೆ ಸೋರುತ್ತದೆ. ಬರೆಯುವ ಆಯುಷ್ಯ ಮುಗಿದ ಎಸ್.ಎಸ್.ಡಿ. 30 ಡಿಗ್ರಿ ಉಷ್ಣತೆಯಲ್ಲಿ, ವಿದ್ಯುತ್ತಿಲ್ಲದೆ ಒಂದು ವರ್ಷ ಉಳಿಸಿಕೊಂಡರೆ ಸಾಕೆಂಬುದು ಆ ಉದ್ಯಮದ ಕಟ್ಟಳೆ. ಹೊಸದು ಇನ್ನೂ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ನಿಜ. ಆದರೂ ಬೀರುವಿಗೆಂದು ತಿರುಗುವ ಹಾರ್ಡ್ ಡಿಸ್ಕನ್ನೇ ಇನ್ನೊಂದನ್ನು ಕೊಂಡೆನು. ಟಿ.ಬಿ.ಯೊಂದಕ್ಕೆ ಅದರ ಬೆಲೆ ಈಗಲೂ ಕಡಿಮೆ. ಎಸ್.ಎಸ್.ಡಿ.ಯನ್ನು ನಾಲ್ಕು ಟಿ.ಬಿ.ಯಿಂದ ಎರಡಕ್ಕೆ ಇಳಿಸಿದುದರಿಂದ ಇದಕ್ಕೆ ಹಣ ಒದಗಿತು.

ರಾತ್ರಿಯೆಲ್ಲ ನಕಲು ನಡೆಯಿತು. ನಡುನಡುವೆ ಮುದಿ ಡಿಸ್ಕು ಕಟಕಟಿಸಿದಾಗಲೆಲ್ಲ ಎದ್ದು ನೋಡುತ್ತಿದ್ದೆನು. ಬೆಳಗಿನ ಜಾವಕ್ಕೆ ಅಮ್ಮನ ನಲವತ್ತೊಂದು ಹಾಡುಗಳಲ್ಲಿ ನಲವತ್ತು ಬಂದಿದ್ದುವು. ಹೆಣ್ಣನ್ನೊಪ್ಪಿಸಿಕೊಡುವ ಹಾಡೊಂದು ಮಾತ್ರ, ಎಷ್ಟು ಸಲ ಪ್ರಯತ್ನಿಸಿದರೂ ಅರ್ಧಕ್ಕೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಡಿಸ್ಕೂ ಸುಮ್ಮನಾಯಿತು.

ಅರಸೀಕೆರೆಯಲ್ಲಿರುವ ನಮ್ಮ ಸೋದರತ್ತೆಗೆ ಆ ಹಾಡು ಬರುತ್ತದೆಯಂತೆ. ಅವರಿಗೀಗ ಎಂಬತ್ತೆರಡು. ಬರುವ ಭಾನುವಾರದ ರೈಲಿಗೆ ಹೋಗುತ್ತಿದ್ದೇನೆ.