ಯಾರು ಬಗ್ಗಬೇಕು?



ವಿನಯ ಅಂದರೆ ನಮಗೆ ರೇಗುತ್ತದೆ. ತಲೆತಲಾಂತರದಿಂದ ಬಗ್ಗಿ ಬಗ್ಗಿ ಬೆನ್ನು ಗೂನಾದವರಿಗೆ ಇನ್ನೂ ಬಗ್ಗಿ ಅನ್ನುವುದು ಉಪದೇಶವಲ್ಲ, ದೌರ್ಜನ್ಯ. ಆದರೆ ಯೋಹಾನನ ಸುವಾರ್ತೆಯಲ್ಲಿ ಬಗ್ಗಿದವನು ಆಳಲ್ಲ, ಗುರು. ಕಾಲು ತೊಳೆಯುವುದು ಆಗ ಗುಲಾಮರ ಕೆಲಸ. ಏಸು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ. ತನ್ನನ್ನು ಹಿಡಿದುಕೊಡಲಿದ್ದ ಯೂದನನ್ನೂ ಬಿಡಲಿಲ್ಲ.

2013ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು. ಗಂಡಸರ ಕಾಲು ಮಾತ್ರ ಎಂದಿತ್ತು ಚರ್ಚಿನ ನಿಯಮ. ಕೆಲವರು ಗೊಣಗಿದರು. 2016ರಲ್ಲಿ ನಿಯಮವೇ ಬದಲಾಯಿತು.

ಸರಿ, ನಮ್ಮಲ್ಲಿ? ಜಾತಿಯ ಕಾಟ ತಾಳಲಾರದೆ ಏಸುವಿನ ಹಿಂದೆ ಹೋದ ನಮ್ಮ ಜನಕ್ಕೆ ಎಷ್ಟೋ ಕಡೆ ಚರ್ಚಿನಲ್ಲೂ ಬೇರೆ ಸಾಲು. ತಿರುಚಿಯ ಒಂದು ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. ಕಾಲು ತೊಳೆಯುವ ಹಬ್ಬ ಮಾತ್ರ ವರ್ಷ ವರ್ಷ ನಡೆಯಿತು! 2016ರ ಡಿಸೆಂಬರಿನಲ್ಲಿ ಬಿಷಪ್ಪರೇ ಚರ್ಚಿನೊಳಗಿನ ಜಾತಿಭೇದವನ್ನು ಒಪ್ಪಿಕೊಂಡು ದಲಿತರಿಗಾಗಿ ಒಂದು ನೀತಿ ಹೊರಡಿಸಿದರು. ಕಾಗದ ಆಯಿತು, ಇನ್ನು ಮನಸ್ಸಿನ ಗೋಡೆ ಬೀಳಬೇಕು.

ಬೇರೆಯವರನ್ನು ಬೈದದ್ದು ಸಾಕು. ನಮ್ಮ ಹಾಸ್ಟೆಲಿನಲ್ಲೇ ಎಡಗೈ ಬಲಗೈ ಅಂತ ತಟ್ಟೆ ದೂರ ಸರಿಸುವವರಿಲ್ಲವೆ? ಕಕ್ಕಸು ತೊಳೆಯಲು ಬರುವ ಅಣ್ಣನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಓದಿದ ನಾವು ಅವನ ಪಾಲಿಗೆ ಹೊಸ ಧಣಿಗಳಾಗುತ್ತಿಲ್ಲವೆ?

ತುಳಿಯುವವನ ಮುಂದೆ ಬಗ್ಗಬೇಡಿ, ಎದ್ದು ನಿಲ್ಲಿ. ತುಳಿಸಿಕೊಂಡವನ ಜೊತೆ ಬಗ್ಗಿ. ನಾಳೆ ಬೆಳಿಗ್ಗೆ ಆ ಅಣ್ಣನ ಕೈಯಿಂದ ಪೊರಕೆ ಇಸಕೊಳ್ಳೋಣ. ಮೊದಲು ಹೆಸರು ಕೇಳೋಣ.